ಘಟ್ಟ ಇಳಿಯಲು ಹಾಕಿದ ಹಳಿ, ಘಟ್ಟ ಏರುತ್ತಿರುವ ಹೊರೆ

2024ರ ಆಗಸ್ಟ್ 9ರ ಬೆಳಿಗ್ಗೆ ಗೋವಾ ಗಡಿಯ ಸೋನಾಲಿಂ ಮತ್ತು ದೂಧ್‌ಸಾಗರ ನಿಲ್ದಾಣಗಳ ನಡುವೆ ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲಿನ 17 ವ್ಯಾಗನ್‌ಗಳು ಹಳಿ ತಪ್ಪಿದವು. ಒಂದು ಬದಿಗೆ ಬೆಟ್ಟದ ಗೋಡೆ, ಇನ್ನೊಂದು ಬದಿಗೆ ಪ್ರಪಾತವಿರುವ ಆ ಜಾಗಕ್ಕೆ ರಸ್ತೆಯ ಸಂಪರ್ಕವಿಲ್ಲ. ತೆರವು ಕಾರ್ಯಕ್ಕೆ ಬೇಕಾದ ಜನ, ಯಂತ್ರ ಎಲ್ಲವೂ ಹಳಿಯ ಮೇಲೆಯೇ ಬರಬೇಕು. ಹುಬ್ಬಳ್ಳಿಯಿಂದ ವಾಸ್ಕೋಗೆ ಹೋಗುವ ಮಾರ್ಗ ಮುಚ್ಚಿತು. ಪ್ರಯಾಣಿಕ ರೈಲುಗಳು ರದ್ದಾದವು ಅಥವಾ ಮಾರ್ಗ ಬದಲಿಸಿದವು.

ಅಪಘಾತದ ಸುದ್ದಿ ಕೆಲವೇ ದಿನಗಳಲ್ಲಿ ಮರೆಗೆ ಸರಿಯಿತು. ಆದರೆ ಈ ಘಟ್ಟದ ಹಳಿಯ ಬಗ್ಗೆ ಒಂದೂವರೆ ದಶಕದಿಂದ ನಡೆದಿರುವ ವಿವಾದ ಹಾಗೆ ಸರಿಯುವಂಥದ್ದಲ್ಲ. ತಿನೈಘಾಟ್‌ನಿಂದ ಕ್ಯಾಸಲ್‌ರಾಕ್ ಮೂಲಕ ಕುಳೆಂವರೆಗೆ ಎರಡನೇ ಹಳಿ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಒಂದು ಕಡೆ ಅಭಿವೃದ್ಧಿ, ಇನ್ನೊಂದು ಕಡೆ ಅರಣ್ಯ ಎಂಬ ಎರಡೇ ಪಾಳೆಯಗಳು ಕಾಣುತ್ತವೆ. ಇವೆರಡರ ನಡುವೆ ಮರೆಯಾಗಿರುವ ಸಂಗತಿಯೊಂದಿದೆ. ಈ ಮಾರ್ಗವನ್ನು ನಿರ್ಮಿಸಿದ್ದು ಬಯಲುಸೀಮೆಯ ಸರಕನ್ನು ಸಮುದ್ರಕ್ಕೆ ಇಳಿಸಲು. ಇಂದು ಅದೇ ಹಳಿಯ ಮೇಲೆ ಸಮುದ್ರದಿಂದ ಬಂದ ಸರಕು ಬಯಲುಸೀಮೆಗೆ ಏರುತ್ತಿದೆ. ಹೊರೆಯ ದಿಕ್ಕು ತಿರುಗಿದ್ದೇ ಇಂದಿನ ಬಿಕ್ಕಟ್ಟಿನ ಮೂಲ.

ಹತ್ತಿಗಾಗಿ ಹುಡುಕಿದ ಬಂದರು

ಧಾರವಾಡ ಸೀಮೆಯ ಹತ್ತಿ 19ನೇ ಶತಮಾನದ ಮಧ್ಯದಲ್ಲಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಹತ್ತಿ ಗಿರಣಿಗಳ ಒತ್ತಡದಿಂದ ಕಾರವಾರವನ್ನು ಬಂದರಾಗಿ ಬೆಳೆಸಿ, ಅಲ್ಲಿಂದ ಹುಬ್ಬಳ್ಳಿಗೆ ರೈಲು ಮಾರ್ಗ ಹಾಕುವ ಯೋಜನೆ ರೂಪುಗೊಂಡಿತು. ಆದರೆ ಅದು ಕೈಗೂಡಲಿಲ್ಲ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಪೋರ್ಚುಗೀಸರ ವಶದಲ್ಲಿದ್ದ ಮರ್ಮಗೋವಾ ಬಂದರಿಗೆ ಅದೃಷ್ಟ ಒಲಿಯಿತು. ಗೋವಾ ಮತ್ತು ಬ್ರಿಟಿಷ್ ಇಂಡಿಯಾ ನಡುವಿನ ಸುಂಕದ ಗೋಡೆಗಳನ್ನು ತೆಗೆಯಲು, ರೈಲು ಮಾರ್ಗ ನಿರ್ಮಿಸಲು ಎರಡೂ ಕಡೆಯವರು ಸಮ್ಮತಿಸಿದರು. ಗೋವಾದ ಉಪ್ಪಿನ ಮೇಲಿನ ಹತೋಟಿ ಬ್ರಿಟಿಷರಿಗೆ ಹೋಯಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ ಗೋವಾ ಸರ್ಕಾರಕ್ಕೆ ಸಲ್ಲತೊಡಗಿತು.

ಲಂಡನ್ನಿನಲ್ಲಿ ಬಂಡವಾಳ ಎತ್ತಿದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ ಬಂದರು ಹಾಗೂ ಹಳಿ ಎರಡರ ಹೊಣೆಯನ್ನೂ ಹೊತ್ತಿತು. ಮರ್ಮಗೋವಾದಿಂದ ಗಡಿಯ ಕ್ಯಾಸಲ್‌ರಾಕ್‌ವರೆಗಿನ ಸುಮಾರು 82 ಕಿ.ಮೀ. ಮೀಟರ್ ಗೇಜ್ ಮಾರ್ಗ 1888ರಲ್ಲಿ ಪೂರ್ಣಗೊಂಡಿತು. ಕ್ಯಾಸಲ್‌ರಾಕ್‌ನಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿಯ ಕಡೆಗಿನ ಹಳಿ ಸದರ್ನ್ ಮರಾಠಾ ರೈಲ್ವೆಯದು. ಇಂದಿನ ಜೋಯಿಡಾ ತಾಲ್ಲೂಕಿನ ಕಾಡಿನ ನಡುವೆ ಹೀಗೆ ಎರಡು ಸಾಮ್ರಾಜ್ಯಗಳ ಹಳಿಗಳು ಕೂಡಿದವು. ಕಾರವಾರ ಮತ್ತು ಕುಮಟಾದ ವ್ಯಾಪಾರ ಸೊರಗಿತು.

ಲೆಕ್ಕ ತಪ್ಪಿದ ಕಂಪನಿ

ಆದರೆ ನಿರೀಕ್ಷಿಸಿದಷ್ಟು ಸರಕು ಮರ್ಮಗೋವಾಕ್ಕೂ ಬರಲಿಲ್ಲ. ಲೋಂಡಾದಿಂದ ಬೆಳಗಾವಿ, ಮೀರಜ್ ಮೂಲಕ ಪುಣೆಗೆ ಹಳಿ ಬಿದ್ದ ಮೇಲೆ ಧಾರವಾಡದ ಹತ್ತಿಗೆ ಮುಂಬೈನ ದಾರಿ ತೆರೆಯಿತು. 1892ರಲ್ಲಿ ಒಪ್ಪಂದದ ಅವಧಿ ಮುಗಿದು, ಗಡಿಯಲ್ಲಿ ಸುಂಕದ ಗೋಡೆ ಮತ್ತೆ ಎದ್ದಿತು. ಷೇರುದಾರರಿಗೆ ಖಾತರಿ ನೀಡಿದ್ದ ಬಡ್ಡಿಯನ್ನು ಪೋರ್ಚುಗೀಸ್ ಬೊಕ್ಕಸವೇ ತುಂಬಬೇಕಾಯಿತು. 20ನೇ ಶತಮಾನದ ಆರಂಭದಲ್ಲಿ ಮಾರ್ಗದ ನಿರ್ವಹಣೆ ಸದರ್ನ್ ಮರಾಠಾ ರೈಲ್ವೆಯ ಕೈಸೇರಿತು.

ಗೋವಾ ವಿಮೋಚನಾ ಹೋರಾಟ ತೀವ್ರಗೊಂಡ 1955ರಲ್ಲಿ ಗಡಿಯಾಚೆಗಿನ ರೈಲು ಸಂಚಾರ ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ ಬಳಿಕವಷ್ಟೇ ಮಾರ್ಗಕ್ಕೆ ಜೀವ ಬಂದಿತು. ದಕ್ಷಿಣ ರೈಲ್ವೆ, ದಕ್ಷಿಣ ಮಧ್ಯ ರೈಲ್ವೆಗಳ ಆಡಳಿತವನ್ನು ಕಂಡ ಈ ಹಳಿ 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆಯ ಭಾಗವಾಗಿದೆ.

ಅದಿರಿನ ದಿನಗಳು

ಹತ್ತಿ ಕೊಡದಿದ್ದ ಭಾಗ್ಯವನ್ನು ಈ ಮಾರ್ಗಕ್ಕೆ ಕೊಟ್ಟದ್ದು ಬಳ್ಳಾರಿ-ಹೊಸಪೇಟೆಯ ಕಬ್ಬಿಣದ ಅದಿರು. ಗೋವಾದ ಗಣಿಗಳ ಅದಿರು ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಬಾರ್ಜ್‌ಗಳ ಮೇಲೆ ಬಂದರಿಗೆ ಸಾಗುತ್ತಿತ್ತು. ರೈಲಿನಲ್ಲಿ ಬರುತ್ತಿದ್ದುದು ಕರ್ನಾಟಕದ ಅದಿರು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. 2003ರ ನಂತರ ಚೀನಾದ ಬೇಡಿಕೆ ಏರಿ ಅದಿರಿಗೆ ಚಿನ್ನದ ಬೆಲೆ ಬಂದಿತು. ರೈಲು ಸಾಲದೆ ಲಾರಿಗಳು ಬೇಲೆಕೇರಿಯವರೆಗೂ ಓಡಿದವು. ಹೊಸಪೇಟೆ-ಹುಬ್ಬಳ್ಳಿ-ಲೋಂಡಾ-ವಾಸ್ಕೋ ನಡುವಿನ ಸುಮಾರು 350 ಕಿ.ಮೀ. ಮಾರ್ಗವನ್ನು ಜೋಡಿಹಳಿಯಾಗಿಸುವ ಯೋಜನೆ ಮಂಜೂರಾದದ್ದು 2010ರ ಸುಮಾರಿಗೆ, ಈ ಭರಾಟೆಯ ಬೆನ್ನಲ್ಲೇ.

ಅಷ್ಟರಲ್ಲಿ ಅದಿರಿನ ದಿನಗಳು ಮುಗಿಯುತ್ತ ಬಂದಿದ್ದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಮರುವರ್ಷ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಹೊರಬಂದಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಗಣಿಗಳು ಮಿತಿಗೊಳಪಟ್ಟು ಮತ್ತೆ ತೆರೆದರೂ, ಕರ್ನಾಟಕದ ಅದಿರಿನ ರಫ್ತಿಗೆ ನ್ಯಾಯಾಲಯ ಅನುಮತಿ ನೀಡಿದ್ದು 2022ರ ಮೇ ತಿಂಗಳಲ್ಲಿ. ಈ ನಡುವಿನ ಒಂದು ದಶಕದಲ್ಲಿ ಅದಿರು ಘಟ್ಟ ಇಳಿಯುವುದು ನಿಂತು, ಅದು ರಾಜ್ಯದ ಒಳಗಿನ ಹಾಗೂ ನೆರೆಯ ಉಕ್ಕಿನ ಕಾರ್ಖಾನೆಗಳ ಕುಲುಮೆ ಸೇರಿತು.

ತಿರುಗಿದ ಹೊರೆ

ಉಕ್ಕಿನ ಕುಲುಮೆಗೆ ಅದಿರೊಂದೇ ಸಾಲದು, ಕೋಕಿಂಗ್ ಕಲ್ಲಿದ್ದಲು ಬೇಕು. ಅದು ಹೆಚ್ಚಾಗಿ ಆಸ್ಟ್ರೇಲಿಯಾದಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯ ಸಾಮರ್ಥ್ಯ ಬೆಳೆದಂತೆ, ಮರ್ಮಗೋವಾದಲ್ಲಿ ಅದೇ ಸಮೂಹದ ಸೌತ್ ವೆಸ್ಟ್ ಪೋರ್ಟ್‌ನ ಕಟ್ಟೆಗಳಲ್ಲಿ ಇಳಿದ ಕಲ್ಲಿದ್ದಲು ವ್ಯಾಗನ್ ಏರಿ ಘಟ್ಟದ ಕಡೆ ಮುಖಮಾಡಿತು.

ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಸುಮಾರು 26 ಕಿ.ಮೀ. ದಾರಿಗೆ ಬ್ರಗಾಂಜಾ ಘಾಟ್ ಎಂದು ಹೆಸರು. ಇಷ್ಟು ದೂರದಲ್ಲಿ ಹಳಿ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ಕಡಿದಾದ ಕಡೆಗಳಲ್ಲಿ 37 ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲೇರಬೇಕು. ಸಮತಟ್ಟಾದ ಹಳಿಯಲ್ಲಿ ನಿಧಾನವಾಗಿ ಸಾಗುವ ರೈಲಿಗೆ ಪ್ರತಿ ಟನ್ ಭಾರಕ್ಕೆ ಎರಡು ಮೂರು ಕಿಲೋ ಬಲ ಸಾಕು. ಇಲ್ಲಿನ ಏರಿಗೆ ಅದರ ಮೇಲೆ ಇನ್ನೂ 27 ಕಿಲೋ ಬೇಕು. ಸುಮಾರು 58 ವ್ಯಾಗನ್‌ಗಳ ಒಂದು ಪೂರ್ಣ ರೇಕ್‌ನ ಒಟ್ಟು ತೂಕ ಐದು ಸಾವಿರ ಟನ್‌ಗಳ ಹತ್ತಿರ. ಅದನ್ನು ಒಟ್ಟಾಗಿ ಏರಿಸಲು 130 ಟನ್‌ಗೂ ಹೆಚ್ಚು ಬಲ ಬೇಕೆಂದಾಯಿತು. ಎಲ್ಲ ಎಂಜಿನ್‌ಗಳೂ ಮುಂದಿನಿಂದಲೇ ಎಳೆದರೆ ವ್ಯಾಗನ್‌ಗಳ ನಡುವಿನ ಕೊಂಡಿ ತಾಳಲಾರದು. ಆದ್ದರಿಂದ ಬ್ಯಾಂಕರ್ ಎಂದು ಕರೆಯುವ ಎಂಜಿನ್‌ಗಳು ಹಿಂದಿನಿಂದ ತಳ್ಳುತ್ತವೆ. ಹೊರೆ ಮೇಲೆ ತಲುಪಿದ ಬಳಿಕ ಈ ಎಂಜಿನ್‌ಗಳು ಮತ್ತೊಂದು ರೈಲಿಗಾಗಿ ಕೆಳಗಿಳಿಯಬೇಕು. ಒಂಟಿ ಹಳಿಯಲ್ಲಿ ಅವುಗಳಿಗೂ ದಾರಿ ಬಿಡಬೇಕು.

ಇಳಿಯುವುದೂ ಸುಲಭವಲ್ಲ. ಇಳಿಯುವ ರೈಲು ನಿಲ್ದಾಣಗಳಲ್ಲಿ ನಿಂತು ಬ್ರೇಕ್ ಹತೋಟಿಯಲ್ಲಿದೆ ಎಂದು ಖಚಿತಪಡಿಸಿಕೊಂಡೇ ಮುಂದೆ ಸಾಗಬೇಕು. ಬ್ರೇಕ್ ಕೈಕೊಟ್ಟ ರೈಲನ್ನು ಏರುಹಳಿಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್‌ಗಳೂ ಇಲ್ಲಿವೆ. ಆದರೂ ಎರಡು ಕಾಲಗಳ ಲೆಕ್ಕ ಬೇರೆ. ಅಂದು ತುಂಬಿದ ವ್ಯಾಗನ್ ಭೂಮಿಯ ಸೆಳೆತದಿಂದಲೇ ಇಳಿಯುತ್ತಿತ್ತು, ಖಾಲಿ ವ್ಯಾಗನ್ ಮಾತ್ರ ಏರುತ್ತಿತ್ತು. ಇಂದು ತುಂಬಿದ್ದು ಏರುತ್ತದೆ, ಖಾಲಿಯದು ಇಳಿಯುತ್ತದೆ. ಅದೇ ಹಳಿ, ಅದೇ ಬೆಟ್ಟ. ಆದರೆ ಸಾಗಿಸುವ ಪ್ರತಿ ಟನ್‌ಗೂ ತಗಲುವ ಎಂಜಿನ್, ಇಂಧನ ಹಾಗೂ ಸಮಯ ಹಲವು ಪಟ್ಟು.

ಎರಡನೇ ಹಳಿಯ ವಾದ

ಜೋಡಿಹಳಿ ಬೇಕೆನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಘಟ್ಟದ ಒಂಟಿ ಹಳಿಯಲ್ಲಿ ಒಂದು ಗೂಡ್ಸ್ ಕೆಟ್ಟು ನಿಂತರೆ ಹುಬ್ಬಳ್ಳಿ, ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಪ್ರಯಾಣಿಕ ರೈಲುಗಳೂ ನಿಲ್ಲುತ್ತವೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಸಾವಿರಾರು ಕುಟುಂಬಗಳ ಅನ್ನ ಉಕ್ಕಿನ ಉದ್ಯಮಕ್ಕೆ ಅಂಟಿಕೊಂಡಿದೆ. ಹೊಸಪೇಟೆ, ಹುಬ್ಬಳ್ಳಿ ಕಡೆಯ ಬಯಲಿನಲ್ಲಿ ಬಹುಪಾಲು ಜೋಡಿಹಳಿ ಸಿದ್ಧವಾಗಿದ್ದು, ನಡುವಿನ ಘಟ್ಟ ಮಾತ್ರ ಇಕ್ಕಟ್ಟಿನ ಕುತ್ತಿಗೆಯಂತೆ ಉಳಿದಿದೆ.

ಆ ಕುತ್ತಿಗೆ ಇರುವುದು ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ, ಮೊಲ್ಲೆಂ ರಾಷ್ಟ್ರೀಯ ಉದ್ಯಾನ ಹಾಗೂ ಕರ್ನಾಟಕದ ಕಾಳಿ ಹುಲಿ ಸಂರಕ್ಷಿತ ಪ್ರದೇಶಗಳ ಮಡಿಲಲ್ಲಿ. ರೈಲು ಹಳಿಯ ಜತೆಗೆ ವಿದ್ಯುತ್ ಮಾರ್ಗ ಹಾಗೂ ಚತುಷ್ಪಥ ಹೆದ್ದಾರಿಯೂ ಇದೇ ಕಾಡನ್ನು ಸೀಳಲಿವೆ ಎಂದು ತಿಳಿದಾಗ ಗೋವಾದಲ್ಲಿ ಪ್ರತಿಭಟನೆ ಕಾವೇರಿತು. ‘ಗೋಯಾಂತ್ ಕೋಳ್ಸೊ ನಾಕಾ’, ಅಂದರೆ ಗೋವಾದಲ್ಲಿ ಕಲ್ಲಿದ್ದಲು ಬೇಡ ಎಂಬ ಘೋಷಣೆಯೊಂದಿಗೆ 2020ರ ನವೆಂಬರ್ ಆರಂಭದಲ್ಲಿ ಚಾಂದೋರ್ ಗ್ರಾಮದಲ್ಲಿ ಜನರು ರಾತ್ರಿಯಿಡೀ ಹಳಿಯ ಬಳಿ ಕುಳಿತರು. ಮನೆಯ ಅಂಗಳದ ಪಕ್ಕದಲ್ಲೇ ಕಲ್ಲಿದ್ದಲಿನ ವ್ಯಾಗನ್ ಸಾಗುವ ಊರುಗಳಿಗೆ ಕಪ್ಪು ಧೂಳು ದಿನನಿತ್ಯದ ಬದುಕಿನ ಪ್ರಶ್ನೆ.

ನ್ಯಾಯಾಲಯದ ಮಾತು

ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಜೋಡಿಹಳಿಗೆ ಒಪ್ಪಿಗೆ ಸೂಚಿಸಿತ್ತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ನ್ಯಾಯಾಲಯಕ್ಕೆ ನೆರವಾಗುವ ಕೇಂದ್ರ ಉನ್ನತಾಧಿಕಾರ ಸಮಿತಿ 2021ರ ಏಪ್ರಿಲ್‌ನಲ್ಲಿ ನೀಡಿದ ವರದಿಯ ಸಾರ ಗಮನಾರ್ಹವಾದುದು. ಅಪರೂಪದ ಪಶ್ಚಿಮಘಟ್ಟವನ್ನು ಹಾಳುಗೆಡವಿ ಪಡೆಯುವ ಲಾಭವಾದರೂ ಏನು? ರೈಲು ಜಾಲದಲ್ಲೇ ಅತಿ ಅದಕ್ಷವಾದ ಒಂದು ತುಂಡಿನ ಸಾಮರ್ಥ್ಯ ಅಲ್ಪಸ್ವಲ್ಪ ಹೆಚ್ಚುವುದಷ್ಟೇ ಎಂದು ಸಮಿತಿ ಅಭಿಪ್ರಾಯಪಟ್ಟಿತು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ತಿನೈಘಾಟ್-ಕ್ಯಾಸಲ್‌ರಾಕ್-ಕುಳೆಂ ಜೋಡಿಹಳಿಗೆ ನೀಡಿದ್ದ ಒಪ್ಪಿಗೆಯನ್ನು ರದ್ದುಪಡಿಸಿತು. ಜೀವವೈವಿಧ್ಯದ ಮೇಲಾಗುವ ಪರಿಣಾಮವನ್ನು ವಿವರವಾಗಿ ಅಧ್ಯಯನ ಮಾಡಿ ಹೊಸ ಪ್ರಸ್ತಾವ ಸಲ್ಲಿಸುವ ಅವಕಾಶವನ್ನು ಮಾತ್ರ ಮುಚ್ಚಲಿಲ್ಲ.

ತೀರ್ಪನ್ನು ಕಾಡಿನ ಗೆಲುವು, ರೈಲಿನ ಸೋಲು ಎಂದು ಓದುವುದು ರೂಢಿ. ಅದು ಅರ್ಧ ಸತ್ಯ. ಹಳೆಯ ಹಳಿಗೆ ಒತ್ತಿಕೊಂಡೇ ಹಾಕುವ ಎರಡನೇ ಹಳಿ ಕಾಯುವ ಸಮಯವನ್ನು ಕಡಿಮೆ ಮಾಡೀತೇ ಹೊರತು ಬೆಟ್ಟದ ಏರನ್ನು ತಗ್ಗಿಸಲಾರದು. ಬ್ಯಾಂಕರ್ ಎಂಜಿನ್‌ಗಳ ಅಗತ್ಯ ಹಾಗೆಯೇ ಉಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಪಕ್ಕಪಕ್ಕದ ಎರಡೂ ಹಳಿಗಳ ಸಂಚಾರ ನಿಲ್ಲುವ ಅಪಾಯವಿದೆ. 2021ರ ಜುಲೈನಲ್ಲಿ ಇದೇ ಘಟ್ಟದಲ್ಲಿ ಭೂಕುಸಿತಕ್ಕೆ ಸಿಲುಕಿ ಪ್ರಯಾಣಿಕ ರೈಲೊಂದು ಹಳಿ ತಪ್ಪಿದ್ದನ್ನು ಮರೆಯುವಂತಿಲ್ಲ.

ಮುಂದಿನ ದಾರಿ

ತೋರಣಗಲ್ಲಿಗೆ ಕಲ್ಲಿದ್ದಲು ಬರಲು ಪಶ್ಚಿಮ ಕರಾವಳಿಯೊಂದೇ ದಾರಿಯಲ್ಲ. ಆಂಧ್ರದ ಕೃಷ್ಣಪಟ್ಟಣಂ ಬಂದರಿನ ಕಡೆಗೆ ಓಬುಳವಾರಿಪಲ್ಲೆಯಿಂದ ಸುಮಾರು 113 ಕಿ.ಮೀ. ಉದ್ದದ ಹೊಸ ಮಾರ್ಗ 2019ರಲ್ಲಿ ತೆರೆದಿದ್ದು, ಪೂರ್ವ ಕರಾವಳಿಯ ಸುತ್ತು ತಗ್ಗಿದೆ. ದೂರ ಹೆಚ್ಚಾದರೂ ಆ ದಾರಿಯಲ್ಲಿ ಬ್ರಗಾಂಜಾದಂಥ ಏರಿಲ್ಲ. ಮರ್ಮಗೋವಾ ನಕ್ಷೆಯಲ್ಲಿ ಹತ್ತಿರ. ಆದರೆ ಘಟ್ಟದ ವೆಚ್ಚ, ಕಾಡಿನ ನಷ್ಟ, ಹಳಿಯ ಬದಿಯ ಊರುಗಳ ಧೂಳು ಎಲ್ಲವನ್ನೂ ಸೇರಿಸಿದರೆ ಆ ಹತ್ತಿರ ಎಷ್ಟು ದುಬಾರಿ ಎಂಬ ಲೆಕ್ಕವನ್ನು ರೈಲ್ವೆ ಸಾರ್ವಜನಿಕರ ಮುಂದಿಡಬೇಕಿದೆ. ಪೂರ್ವದ ದಾರಿ ಹಿಡಿದರೆ ಉಕ್ಕಿನ ಬೆಲೆ ಎಷ್ಟು ಏರುತ್ತದೆ, ಅದನ್ನು ಯಾರು ಭರಿಸುತ್ತಾರೆ ಎಂಬುದೂ ಅದೇ ಲೆಕ್ಕದ ಇನ್ನೊಂದು ಪುಟ.

ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೂ ಈ ಪಾಠ ಅನ್ವಯಿಸುತ್ತದೆ. 1990ರ ದಶಕದ ಕೊನೆಯಲ್ಲಿ ಅಡಿಗಲ್ಲು ಕಂಡ ಆ ಯೋಜನೆ ಎರಡು ದಶಕಗಳಿಗೂ ಹೆಚ್ಚು ಕಾಲ ಅರಣ್ಯ ಅನುಮತಿ ಮತ್ತು ನ್ಯಾಯಾಲಯಗಳ ನಡುವೆ ಅಲೆದಿದೆ. ಅದು ಹುಟ್ಟಿದ್ದು ಅದಿರು ಹಡಗೇರುವ ಕಾಲದಲ್ಲಿ. ಅಂದಿನ ಸರಕು ಇಂದು ಅದೇ ದಿಕ್ಕಿನಲ್ಲಿ ಇದೆಯೇ ಎಂದು ಮೊದಲು ಕೇಳಬೇಕು, ಮರಗಳ ಎಣಿಕೆ ಅನಂತರದ್ದು.

ಹತ್ತಿಯನ್ನು ನಂಬಿ ಹಳಿ ಹಾಕಿದ ಕಂಪನಿಗೆ ಹತ್ತಿ ಸಿಗಲಿಲ್ಲ. ಅದಿರನ್ನು ನಂಬಿ ಜೋಡಿಹಳಿ ಯೋಜಿಸಿದಾಗ ಅದಿರು ನಿಂತಿತು. ಸರಕು ಹತ್ತಿಪ್ಪತ್ತು ವರ್ಷಗಳಿಗೊಮ್ಮೆ ದಾರಿ ಬದಲಿಸುತ್ತದೆ. ಒಮ್ಮೆ ಕಡಿದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ಇಂದಿನ ಕಲ್ಲಿದ್ದಲನ್ನು ನಂಬಿ ಅದನ್ನು ಕಡಿಯುವ ಮುನ್ನ ಮರ್ಮಗೋವಾ ಹಳಿಯ ನೂರಮೂವತ್ತು ವರ್ಷಗಳಿಗೂ ಮೀರಿದ ಲೆಕ್ಕಪತ್ರವನ್ನು ಒಮ್ಮೆ ತಿರುವಿ ನೋಡುವುದು ಒಳಿತು.