ಗರಗಸದ ಬೆಟ್ಟದಲ್ಲಿ ಅರ್ಧ ದಿನ

ಬಾರ್ಸಿಲೋನಾ ನಗರದ ಪ್ರವಾಸದ ಅಂಗಡಿಗಳಲ್ಲಿ ಮಾರಾಟಕ್ಕಿರುವ ಸರಕುಗಳಲ್ಲಿ ‘ಮೊಂತ್ಸೆರಾತ್ ಮಠ, ಅರ್ಧ ದಿನ’ ಎಂಬುದೂ ಒಂದು. ಬೆಳಿಗ್ಗೆ ಎಂಟೂವರೆಗೆ ಬಸ್ಸು ಹೊರಡುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ನಿಮ್ಮನ್ನು ತಿರುಗಿ ಅದೇ ಚೌಕದಲ್ಲಿ ಇಳಿಸುತ್ತದೆ. ಸಾವಿರ ವರ್ಷದ ಮಠವೊಂದನ್ನು ನೋಡಲು ಐದು ಗಂಟೆ. ಅದರಲ್ಲಿ ಹೋಗಿಬರುವ ದಾರಿಯದೇ ಎರಡು ಗಂಟೆ. ನಾನೂ ಚೀಟಿ ಕೊಂಡೆ. ಇಂಥ ಪ್ರವಾಸಗಳನ್ನು ಹಳಿಯುವುದು ಓದುಬರಹ ಬಲ್ಲವರಿಗೆ ಸುಲಭವಾದ ಕೆಲಸ. ನನಗಾದರೋ ಇದ್ದದ್ದೇ ಅಷ್ಟು ಕಾಲ. ಬಸ್ಸಿನಲ್ಲಿದ್ದ ನಲವತ್ತು ಮಂದಿಗೂ ಅಷ್ಟೆ ಎಂದು ತೋರುತ್ತದೆ. ಆದುದರಿಂದ ಹಳಿಯುವ ಉದ್ದೇಶ ಈ ಬರಹಕ್ಕಿಲ್ಲ. ಆ ಅರ್ಧ ದಿನದಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಕಾಣದೆ ಉಳಿದದ್ದು ಇಂದಿನ ಕತಲೂನಿಯದ ರಾಜಕೀಯಕ್ಕೆ ಹೇಗೆ ಸಂಬಂಧಿಸಿದೆ ಎಂಬಿಷ್ಟನ್ನು ಹೇಳಬೇಕೆನ್ನಿಸಿದೆ.

ನಗರದಿಂದ ವಾಯವ್ಯಕ್ಕೆ ಸುಮಾರು ಐವತ್ತು ಕಿಲೋಮೀಟರು. ಕಾರ್ಖಾನೆಗಳ ಬಯಲು ಮುಗಿಯುತ್ತಿರುವಂತೆಯೇ ಬೆಟ್ಟ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಮೊಂತ್ಸೆರಾತ್ ಎಂದರೆ ಗರಗಸದ ಬೆಟ್ಟ. ಹೆಸರಿಟ್ಟವರು ಕವಿಗಳಲ್ಲ, ಕಣ್ಣಿದ್ದವರು. ಹೊಳೆಗಲ್ಲುಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಬಂಡೆ ಅದು. ಮಳೆ ಗಾಳಿ ಅದನ್ನು ಕೊರೆದು ಬೆರಳುಗಳಂತೆ, ಹಲ್ಲುಗಳಂತೆ, ಮುಸುಕು ಹೊದ್ದು ನಿಂತ ಮುದುಕರಂತೆ ಮಾಡಿವೆ. ತುತ್ತತುದಿ ೧೨೩೬ ಮೀಟರು. ಮಠವಿರುವುದು ಏಳುನೂರು ಮೀಟರಿಗೆ ತುಸು ಮೇಲೆ, ಬಂಡೆಯ ಮಡಿಲಿನಲ್ಲಿ. ಹಲ್ಲಿನ ಹಳಿಯ ರೈಲು ೧೮೯೨ರಲ್ಲಿ ಮೊದಲು ಅಲ್ಲಿಗೆ ಹತ್ತಿತು. ೧೯೫೭ರಲ್ಲಿ ನಿಂತುಹೋಗಿ, ೨೦೦೩ರಲ್ಲಿ ಮತ್ತೆ ಆರಂಭವಾಯಿತು. ೧೯೩೦ರಿಂದ ತಂತಿಯ ಮೇಲೆ ತೂಗಾಡುವ ಗಾಡಿಯೂ ಇದೆ. ನಮ್ಮ ಬಸ್ಸಿಗೆ ಇವೆರಡರ ಹಂಗಿಲ್ಲ. ಹಾವಿನ ದಾರಿಯಲ್ಲಿ ಸುತ್ತಿ ಸುತ್ತಿ ನೇರವಾಗಿ ಮಠದ ನೆರಳಿಗೇ ಹೋಗಿ ನಿಂತಿತು.

ಅಲ್ಲಿ ಕಂಡದ್ದು ಮೊದಲು ಜನ. ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಂದಿ ಇಲ್ಲಿಗೆ ಬರುತ್ತಾರೆ. ಮಠದಲ್ಲಿರುವ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳ ಸಂಖ್ಯೆಯೋ ನೂರಕ್ಕಿಂತ ಎಷ್ಟೋ ಕಡಿಮೆ. ದೇವಿಯ ದರ್ಶನಕ್ಕೆ ಮುಂಗಡ ಚೀಟಿ, ಗಂಟೆಯ ಗೊತ್ತು, ಸಾಲು. ಆ ದೇವಿ, ಅಂದರೆ ಮಗುವನ್ನು ತೊಡೆಯಲ್ಲಿರಿಸಿಕೊಂಡ ಮೇರಿಮಾತೆ, ಹನ್ನೆರಡನೆಯ ಶತಮಾನದ ಮರದ ಮೂರ್ತಿ. ಮುಖ ಕಪ್ಪು. ಜನ ಅವಳನ್ನು ಪ್ರೀತಿಯಿಂದ ‘ಮೊರೆನೇತ’, ಕರಿಯಮ್ಮ, ಎನ್ನುತ್ತಾರೆ. ಗಾಜಿನ ಹೊರಗೆ ಚಾಚಿರುವ ಕೈಯಲ್ಲಿನ ಗೋಳವನ್ನು ಮುಟ್ಟಿ ಮುಂದೆ ಸಾಗಬೇಕು. ನನ್ನ ಪಾಲಿಗೆ ಬಂದದ್ದು ನಾಲ್ಕೈದು ಸೆಕೆಂಡು. ನನ್ನ ಮುಂದಿದ್ದ ಮುದುಕಿಯೊಬ್ಬಳು ಏನನ್ನೋ ಬೇಡಿಕೊಳ್ಳುತ್ತ ಅರ್ಧ ನಿಮಿಷ ನಿಂತಳು, ಹಿಂದಿನವರು ಕೆಮ್ಮಿದರು. ಅವಳು ಬಂದದ್ದು ದರ್ಶನಕ್ಕೆ, ನಾವು ಬಂದದ್ದು ನೋಟಕ್ಕೆ. ಸಾಲು ಮಾತ್ರ ಒಂದೇ.

ನಮ್ಮ ಮಾರ್ಗದರ್ಶಿ ಚುರುಕಾದ ಹೆಣ್ಣುಮಗಳು. ೧೦೨೫ರಲ್ಲಿ ಒಲೀಬ ಎಂಬ ಮಠಾಧಿಪತಿ ಇದನ್ನು ಸ್ಥಾಪಿಸಿದ್ದು, ೧೫೨೨ರಲ್ಲಿ ಇಗ್ನೇಷಿಯಸ್ ಲೊಯೋಲಾ ತನ್ನ ಕತ್ತಿಯನ್ನು ದೇವಿಯ ಮುಂದೆ ಇಳಿಸಿ ಸೈನಿಕನ ಬಾಳಿಗೆ ವಿದಾಯ ಹೇಳಿದ್ದು, ವಸ್ತುಸಂಗ್ರಹಾಲಯದಲ್ಲಿ ಎಲ್ ಗ್ರೆಕೊ, ಕರವಾಜ್ಯೊ, ಪಿಕಾಸೊ ಇರುವುದು, ಮಠದ ಮದ್ಯ ಎಲ್ಲಿ ಸಿಗುತ್ತದೆಂಬುದು, ಇವೆಲ್ಲ ಹನ್ನೆರಡು ನಿಮಿಷದಲ್ಲಿ ಮುಗಿದವು. ಬಳಿಕ ‘ಒಂದೂವರೆ ಗಂಟೆ ನಿಮ್ಮದೇ’ ಎಂದಳು. ಬಹುಮಂದಿ ಅಂಗಡಿಯತ್ತ ನಡೆದರು. ಆಕೆ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಆ ಹನ್ನೆರಡು ನಿಮಿಷದಲ್ಲಿ ಒಂದು ಪದ ಒಮ್ಮೆಯೂ ಬರಲಿಲ್ಲ: ಭಾಷೆ. ಈ ಬೆಟ್ಟದ ಕತೆಯಿಂದ ಆ ಪದವನ್ನು ತೆಗೆದರೆ ಉಳಿಯುವುದು ಬಂಡೆ ಮತ್ತು ಮದ್ಯ.

ಯಾತ್ರಿಕರ ನೂಕುನುಗ್ಗಲು ಇಲ್ಲಿಗೆ ಹೊಸತಲ್ಲವೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಠದ ಗ್ರಂಥಭಂಡಾರದಲ್ಲಿ ‘ಕೆಂಪು ಪುಸ್ತಕ’ ಎಂದು ಪ್ರಸಿದ್ಧವಾದ ಹದಿನಾಲ್ಕನೆಯ ಶತಮಾನದ ಹಸ್ತಪ್ರತಿಯೊಂದಿದೆ. ಕೆಂಪು ಹೊದಿಕೆ ಬಂದದ್ದು ಬಹು ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಅದರಲ್ಲಿ ಹತ್ತು ಹಾಡುಗಳು ಉಳಿದಿವೆ. ಅವು ಹುಟ್ಟಿದ ಕಾರಣವನ್ನು ಲಿಪಿಕಾರನೇ ಬರೆದಿಟ್ಟಿದ್ದಾನೆ: ಯಾತ್ರಿಕರು ರಾತ್ರಿ ಗುಡಿಯಲ್ಲಿ ಜಾಗರಣೆ ಕೂತಾಗಲೂ ಹಗಲು ಅಂಗಳದಲ್ಲಿಯೂ ಹಾಡಿ ಕುಣಿಯಬಯಸುತ್ತಾರೆ, ಸಲ್ಲದ ಹಾಡುಗಳನ್ನು ಹಾಡಿ ಧ್ಯಾನಸ್ಥರಿಗೆ ತೊಡಕಾಗದಿರಲೆಂದು ಸಲ್ಲುವಂಥ ಹಾಡುಗಳನ್ನು ಕೊಡಲಾಗಿದೆ. ಲ್ಯಾಟಿನ್ನಿನ ಜೊತೆಗೆ ಜನರ ನುಡಿಯೂ ಅವುಗಳಲ್ಲಿದೆ. ಜನಸಂದಣಿಯನ್ನು ನಿಭಾಯಿಸಲು ಅಂದಿನ ಸಂನ್ಯಾಸಿಗಳಿಗೆ ಹೊಳೆದ ಉಪಾಯ, ಬಂದವರ ಬಾಯಿಗೊಂದು ಹಾಡು ಕೊಡುವುದು. ಇಂದಿನ ಉಪಾಯ ಗಂಟೆ ನಮೂದಿಸಿದ ಚೀಟಿ. ಇದನ್ನು ಕೊಂಕಿಗಾಗಿ ಹೇಳುತ್ತಿಲ್ಲ. ಇಪ್ಪತ್ತು ಲಕ್ಷ ಮಂದಿಗೆ ಹಾಡು ಕಲಿಸುವುದು ಯಾರಿಂದಾದೀತು?

ಮಠದ ಇತಿಹಾಸದ ಮಿಕ್ಕ ಪುಟಗಳು ಅಷ್ಟು ಸೌಮ್ಯವಲ್ಲ. ನೆಪೋಲಿಯನ್ನನ ಸೈನ್ಯ ೧೮೧೧ರಲ್ಲಿ ಅದನ್ನು ಸುಟ್ಟು ಹಾಳುಗೆಡವಿತು. ೧೮೩೫ರಲ್ಲಿ ಸರ್ಕಾರವೇ ಸಂನ್ಯಾಸಿಗಳನ್ನು ಹೊರಹಾಕಿತು. ಅವರು ಹಿಂದಿರುಗಿದ್ದು ೧೮೪೪ರಲ್ಲಿ. ೧೯೩೬ರಲ್ಲಿ ಅಂತರ್ಯುದ್ಧ ಮೊದಲಾದಾಗ ಚರ್ಚುಗಳಿಗೆ ಬೆಂಕಿ ಬಿದ್ದಿತು; ಕತಲೂನಿಯದ ಸ್ವಾಯತ್ತ ಸರ್ಕಾರ ಕಟ್ಟಡವನ್ನೇನೋ ಕಾಪಾಡಿತು, ಆದರೆ ಇಲ್ಲಿನ ಇಪ್ಪತ್ಮೂರು ಸಂನ್ಯಾಸಿಗಳು ಕೊಲೆಯಾದರು. ಇಷ್ಟು ಆದ ಮೇಲೆ ಗೆದ್ದು ಬಂದ ಫ್ರಾಂಕೋನನ್ನು ಮಠ ರಕ್ಷಕನೆಂದು ಬಗೆದು ಬರಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮುಂದೆ ನಡೆದದ್ದರಲ್ಲಿ.

ಫ್ರಾಂಕೋನ ಆಳ್ವಿಕೆ ಕತಲಾನ್ ಭಾಷೆಯನ್ನು ಕಚೇರಿಯಿಂದ, ಶಾಲೆಯಿಂದ, ಪತ್ರಿಕೆಗಳಿಂದ ಅಟ್ಟಿತು. ಮನೆಯೊಳಗೆ ಆಡಿಕೊಳ್ಳಬಹುದು, ಅಷ್ಟೆ. ಆಗ ಆ ಭಾಷೆಗೆ ಉಳಿದ ಒಂದು ಕಿಂಡಿ ಎಂದರೆ ಚರ್ಚು. ಅದರ ಪ್ರಕಟಣೆಗಳಿಗೆ ಉಳಿದವಕ್ಕಿಲ್ಲದ ಕೊಂಚ ಸಲುಗೆಯಿತ್ತು. ೧೪೯೯ರಲ್ಲಿಯೇ ಮುದ್ರಣಯಂತ್ರವನ್ನು ಕಂಡಿದ್ದ ಮಠ ಆ ಸಲುಗೆಯನ್ನು ಚೆನ್ನಾಗಿ ಬಳಸಿಕೊಂಡಿತು. ೧೯೫೯ರಿಂದ ಅಲ್ಲಿಂದ ‘ಸೆರ್ರ ದೋರ್’ ಎಂಬ ಕತಲಾನ್ ಸಂಸ್ಕೃತಿಪತ್ರಿಕೆ ಬರತೊಡಗಿತು. ಹೆಸರಿಗೆ ಮಠದ್ದು, ಒಳಗೆ ಸಾಹಿತ್ಯ, ಕಲೆ, ಸಮಾಜವಿಚಾರ. ದೇವರನ್ನು ನಂಬದವರೂ ಅದನ್ನು ಓದುತ್ತಿದ್ದರು. ಒಂದು ಭಾಷೆಯ ಲೇಖಕರು ಸಂನ್ಯಾಸಿಗಳ ಜೋಳಿಗೆಯಲ್ಲಿ ಅಡಗಿ ದಾರಿ ದಾಟಿದ ಕಾಲವದು.

ಮಠಾಧಿಪತಿ ಅವ್ರೇಲಿ ಎಸ್ಕರ್ರೆ ೧೯೬೩ರ ನವೆಂಬರಿನಲ್ಲಿ ಪ್ಯಾರಿಸಿನ ‘ಲ ಮೋಂದ್’ ಪತ್ರಿಕೆಯೊಡನೆ ಮಾತಾಡಿದರು. ಕ್ರೈಸ್ತನೆಂದು ಹೇಳಿಕೊಳ್ಳುವ ಆಳ್ವಿಕೆ ಕ್ರೈಸ್ತಧರ್ಮದ ಮೂಲತತ್ತ್ವಗಳಿಗೆ ವಿಧೇಯವಾಗಿಲ್ಲ ಎಂಬುದು ಅವರ ಮಾತಿನ ಸಾರ. ಕಾಲು ಶತಮಾನದ ಶಾಂತಿಯೆಂದು ಸರ್ಕಾರ ಕೊಂಡಾಡುವುದು ಶಾಂತಿಯಲ್ಲ, ಗೆದ್ದವರ ಗೆಲುವು ಎಂಬರ್ಥದ ಮಾತೂ ಅದರಲ್ಲಿತ್ತು. ಫ್ರಾಂಕೋನನ್ನು ಎದುರುಗೊಂಡಿದ್ದ ವ್ಯಕ್ತಿಯೇ ಇದನ್ನು ಆಡಿದ್ದು. ೧೯೬೫ರಲ್ಲಿ ಅವರು ದೇಶ ಬಿಟ್ಟು ಇಟಲಿಗೆ ಹೋಗಬೇಕಾಯಿತು. ೧೯೬೮ರಲ್ಲಿ ಸಾವು ಸಮೀಪಿಸಿದಾಗಲಷ್ಟೆ ಮರಳಿದರು. ಎರಡು ವರ್ಷದ ಮೇಲೆ, ೧೯೭೦ರ ಡಿಸೆಂಬರಿನಲ್ಲಿ, ಬುರ್ಗೋಸಿನ ಸೈನಿಕ ನ್ಯಾಯಾಲಯ ಹದಿನಾರು ಮಂದಿ ಬಾಸ್ಕರ ವಿಚಾರಣೆ ನಡೆಸುತ್ತಿದ್ದಾಗ, ಸುಮಾರು ಮುನ್ನೂರು ಲೇಖಕರು, ಕಲಾವಿದರು, ವಿದ್ವಾಂಸರು ಈ ಮಠವನ್ನು ಹೊಕ್ಕು ಬಾಗಿಲು ಹಾಕಿಕೊಂಡರು. ಚಿತ್ರಕಾರರಾದ ಜೊವಾನ್ ಮಿರೊ, ಆಂತೊನಿ ತಾಪಿಯೆಸ್ ಅಲ್ಲಿದ್ದರು. ಪೆರುವಿನ ಕಾದಂಬರಿಕಾರ ಮಾರಿಯೊ ವರ್ಗಾಸ್ ಯೋಸ ಇದ್ದರು. ಹೊರಗೆ ಪೋಲೀಸರು. ಮೂರು ದಿನ. ಆ ತಿಂಗಳ ಕೊನೆಗೆ ಆರು ಮಂದಿಯ ಮರಣದಂಡನೆ ರದ್ದಾಯಿತು; ಅದಕ್ಕೆ ಇದೊಂದೇ ಕಾರಣವೆಂದು ಯಾರೂ ಹೇಳಲಾರರು, ಲೋಕದ ನಾನಾ ಕಡೆಗಳಿಂದ ಒತ್ತಡವಿತ್ತು.

ನಾವು ನಿಂತು ಚಿತ್ರ ತೆಗೆದುಕೊಂಡ ಅಂಗಳದ ಹಿಂದಿನ ಗೋಡೆಗಳೇ ಅವು. ಮಾರ್ಗದರ್ಶಿ ಅದನ್ನು ಹೇಳಲಿಲ್ಲ. ಮಠದ ಮೇಲೆ ಬಿದ್ದ ಕರಿನೆರಳನ್ನೂ ಹೇಳಲಿಲ್ಲ: ಸಂನ್ಯಾಸಿಯೊಬ್ಬ ಹಲವು ದಶಕಗಳ ಕಾಲ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನೆಂದು ೨೦೧೯ರಲ್ಲಿ ಮಠವೇ ನೇಮಿಸಿದ ಸ್ವತಂತ್ರ ಸಮಿತಿ ವರದಿ ಮಾಡಿತು, ಮಠಾಧಿಪತಿ ಕ್ಷಮೆ ಬೇಡಿದರು. ಧೈರ್ಯದ ಕತೆ, ನಾಚಿಕೆಯ ಕತೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಉಳಿಯುವುದು ಯಾರನ್ನೂ ನೋಯಿಸದ ಒಂದು ಸುಂದರ ಹಳೆಯ ಕಟ್ಟಡ. ಪ್ರವಾಸದ ಉದ್ಯಮಕ್ಕೆ ಬೇಕಾದುದೂ ಅದೇ.

೨೦೨೫ರಲ್ಲಿ ಮಠಕ್ಕೆ ಸಾವಿರ ವರ್ಷ ತುಂಬಿತು. ಉತ್ಸವಗಳಾದವು, ಸ್ಪೇನಿನ ದೊರೆ ಬಂದುಹೋದರು. ಅದೇ ವರ್ಷದ ಆರಂಭದಲ್ಲಿ ಕತಲೂನಿಯದ ಸರ್ಕಾರ ಭಾಷೆಯ ಬಳಕೆಯ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಹದಿನೈದು ವರ್ಷ ಮೀರಿದವರಲ್ಲಿ ನಿತ್ಯವ್ಯವಹಾರದ ಭಾಷೆ ಕತಲಾನ್ ಎಂದವರು ೨೦೦೩ರಲ್ಲಿ ನೂರಕ್ಕೆ ೪೬. ೨೦೨೩ರಲ್ಲಿ ನೂರಕ್ಕೆ ೩೨.೬. ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ಇದರ ಪಕ್ಕದಲ್ಲಿಟ್ಟು ಓದಬೇಕು: ಆ ಭಾಷೆ ತಿಳಿಯುವವರು ನೂರಕ್ಕೆ ೯೩, ಆಡಬಲ್ಲವರು ನೂರಕ್ಕೆ ೮೦. ಎಂದರೆ ಭಾಷೆ ಬಾರದೆ ಕ್ಷೀಣಿಸುತ್ತಿಲ್ಲ, ಬಂದೂ ಆಡದೆ ಕ್ಷೀಣಿಸುತ್ತಿದೆ. ಶಾಲೆ ತನ್ನ ಕೆಲಸ ಮಾಡಿದೆ, ಸೋತಿರುವುದು ಬೀದಿ. ಫ್ರಾಂಕೋನ ಕಾಲದಲ್ಲಿ ನಿಷೇಧಿಸುವವನಿದ್ದ, ಆದುದರಿಂದ ಆಡುವುದೇ ಪ್ರತಿಭಟನೆಯಾಗಿತ್ತು. ಇಂದು ನಿಷೇಧಿಸುವವರಿಲ್ಲ. ೨೦೨೩ರಲ್ಲಿ ಮಾದ್ರಿದಿನ ಸಂಸತ್ತಿನ ಕೆಳಮನೆಯಲ್ಲಿ ಕತಲಾನಿನಲ್ಲಿ ಮಾತನಾಡಲು ಅನುಮತಿ ಬಂದಿತು. ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳ ಪಟ್ಟಿಗೆ ಅದನ್ನು ಸೇರಿಸಬೇಕೆಂದು ಸ್ಪೇನ್ ಸರ್ಕಾರವೇ ಅದೇ ವರ್ಷ ಕೇಳಿತು. ೨೦೨೫ರ ಸಭೆಗಳಲ್ಲಿಯೂ ಒಪ್ಪಿಗೆ ದೊರೆಯಲಿಲ್ಲ, ಅದು ಬೇರೆ ಮಾತು. ಗೌರವ ಹೆಚ್ಚುತ್ತಿರುವ ಹೊತ್ತಿನಲ್ಲಿಯೇ ಬಳಕೆ ಇಳಿಯುತ್ತಿದೆ. ಕನ್ನಡದವನಾದ ನನಗೆ ಇದು ತೀರ ಅಪರಿಚಿತವಾದ ಸಂಗತಿಯೆಂದು ಹೇಳಲಾರೆ.

ಇದಕ್ಕೆ ಪ್ರವಾಸಿಗರನ್ನು ದೂರುವವರುಂಟು. ೨೦೨೪ರ ಜುಲೈ ೬ರಂದು ಬಾರ್ಸಿಲೋನಾದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನ ಮೆರವಣಿಗೆ ನಡೆಸಿದರು. ಕೆಲವರು ಹೋಟೆಲುಗಳ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆಯ ಪಿಸ್ತೂಲಿನಿಂದ ನೀರೆರಚಿದರು. ಆ ದೃಶ್ಯ ಲೋಕವನ್ನೆಲ್ಲ ಸುತ್ತಿತು. ಅವರ ಮುಖ್ಯ ದೂರು ಭಾಷೆಯಲ್ಲ, ಬಾಡಿಗೆ. ಮನೆಗಳೆಲ್ಲ ಪ್ರವಾಸಿಗರ ಬಿಡಾರಗಳಾಗಿ ಊರಿನವರಿಗೆ ಸೂರಿಲ್ಲದಾಗಿದೆ ಎಂಬುದು. ಇಂಥ ಹತ್ತು ಸಾವಿರಕ್ಕೂ ಹೆಚ್ಚು ಬಿಡಾರಗಳ ಪರವಾನಗಿಯನ್ನು ೨೦೨೮ರ ನವೆಂಬರಿನೊಳಗೆ ಕೊನೆಗೊಳಿಸುವುದಾಗಿ ನಗರದ ಮೇಯರು ಅದಕ್ಕೆ ಮುಂಚೆಯೇ, ಜೂನಿನಲ್ಲಿ, ಸಾರಿದ್ದರು. ದೂರಿನಲ್ಲಿ ಸತ್ಯವಿದೆ. ಆದರೆ ಭಾಷೆಯ ಇಳಿತವನ್ನು ಅರ್ಧ ದಿನದ ಅತಿಥಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಶತಮಾನದ ಆರಂಭದಲ್ಲಿ ಅರವತ್ತು ಲಕ್ಷ ಚಿಲ್ಲರೆಯಿದ್ದ ಕತಲೂನಿಯದ ಜನಸಂಖ್ಯೆ ೨೦೨೩ರಲ್ಲಿ ಎಂಬತ್ತು ಲಕ್ಷ ಮುಟ್ಟಿತು. ಹೆಚ್ಚಿದವರು ಬಹುಮಟ್ಟಿಗೆ ದುಡಿಯಲು ಬಂದವರು. ಅವರಲ್ಲಿ ಎಷ್ಟೋ ಮಂದಿ ಸ್ಪ್ಯಾನಿಷ್ ಆಡುವ ಅಮೆರಿಕದ ದೇಶಗಳವರು. ಅವರಿಗೆ ಬಂದ ದಿನವೇ ಊರಿನ ಒಂದು ಭಾಷೆ ಗೊತ್ತು. ಎರಡನೆಯದನ್ನು ಕಲಿಯುವ ಜರೂರು ಎಲ್ಲಿಂದ ಹುಟ್ಟಬೇಕು? ಪ್ರವಾಸೋದ್ಯಮದ ಪಾಲು ಇಲ್ಲಿದೆ, ಆದರೆ ಪರೋಕ್ಷವಾಗಿ: ಹೋಟೆಲಿನಲ್ಲಿ ಬಟ್ಟೆ ಒಗೆಯುವ, ಬಸ್ಸು ಓಡಿಸುವ ಕೆಲಸಗಳು ಜನರನ್ನು ಕರೆಸಿಕೊಂಡವು, ಆ ಕೆಲಸಗಳಿಗೆ ಕತಲಾನ್ ಬೇಕಾಗಲಿಲ್ಲ. ಅತಿಥಿಗೆ ಇಂಗ್ಲಿಷು, ಸಹೋದ್ಯೋಗಿಗೆ ಸ್ಪ್ಯಾನಿಷು. ಹಣವೋ ಅದೇ ಬಾಗಿಲಿನಿಂದ ಬರುತ್ತದೆ, ಮಠಕ್ಕೂ ಬರುತ್ತದೆ. ಮೂರು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಭಂಡಾರ, ಕತಲಾನ್ ಗ್ರಂಥಗಳ ಪ್ರಕಾಶನ ಇವನ್ನು ಹೊತ್ತ ಸಂಸ್ಥೆಗೆ ನನ್ನಂಥವರ ಚೀಟಿಯ ಕಾಸನ್ನು ಬೇಡವೆನ್ನುವ ಸ್ಥಿತಿಯಿಲ್ಲ. ಚೀಟಿಯನ್ನು ಕೊಂಡುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಹನ್ನೆರಡೂಕಾಲಿಗೆ ಬಸ್ಸು ಹೊರಟಿತು. ಮಠದ ಬಾಲಗಾಯಕರು ವಾರದ ದಿನಗಳಲ್ಲಿ ಗುಡಿಯಲ್ಲಿ ಹಾಡುವುದು ಒಂದು ಗಂಟೆಗೆ. ಯೂರೋಪಿನ ಅತಿ ಹಳೆಯ ಬಾಲಕರ ಮೇಳಗಳಲ್ಲಿ ಅದೊಂದು. ಅರ್ಧ ದಿನದ ಲೆಕ್ಕದಲ್ಲಿ ಆ ಮುಕ್ಕಾಲು ಗಂಟೆ ಹಿಡಿಸುವುದಿಲ್ಲ. ಹೊರಡುವ ಮುನ್ನ ರಸ್ತೆಯಂಚಿನಲ್ಲಿ ಗಿಣ್ಣು, ಜೇನು, ಒಣ ಅಂಜೂರ ಮಾರುತ್ತಿದ್ದ ಹೆಂಗಸಿನೊಡನೆ ಮಾರ್ಗದರ್ಶಿ ಕತಲಾನಿನಲ್ಲಿ ನಗುತ್ತ ಮಾತಾಡುವುದನ್ನು ಕೇಳಿದ್ದೆ. ಬಸ್ಸು ಹತ್ತುತ್ತಲೇ ಚಾಲಕನೊಡನೆ ಅವಳ ಮಾತು ಸ್ಪ್ಯಾನಿಷಿಗೆ ತಿರುಗಿತು. ಮುಂದಿನ ಸಾಲಿನಲ್ಲಿದ್ದ ನಾನು ಮೆಲ್ಲನೆ ಕೇಳಿದೆ, ಅವನಿಗೆ ನಿಮ್ಮ ಭಾಷೆ ಬಾರದೆ ಎಂದು. ಅವಳು ತುಸು ಯೋಚಿಸಿದಳು. ಹದಿನೆಂಟು ವರ್ಷದಿಂದ ಇಲ್ಲಿದ್ದಾನೆ, ಎಲ್ಲ ತಿಳಿಯುತ್ತದೆ, ಅವನ ಮಕ್ಕಳು ಶಾಲೆಯಲ್ಲಿ ಅದನ್ನೇ ಓದುತ್ತಾರೆ ಎಂದಳು. ‘ಮತ್ತೆ?’ ಎಂದೆ. ‘ಗೊತ್ತಿಲ್ಲ,’ ಎಂದಳು, ‘ಮೊದಲ ದಿನ ಹಾಗೆ ಮಾತಾಡಿದೆ.’

ಚಾಲಕ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಏನು ವಿಷಯವೆಂದು ಅವಳನ್ನು ಕೇಳಿದ. ಅವಳು ಹೇಳಿದಳು, ಸ್ಪ್ಯಾನಿಷಿನಲ್ಲಿ.