ಫ್ರೀಜರ್ ಬಂತು, ಜನರೇಟರ್ ಲೈನ್ ಎಲ್ಲಿ?

ಪುಣೆಯ ವಿಶ್ವವಿದ್ಯಾಲಯವೊಂದರ ಸಸ್ಯವಿಜ್ಞಾನ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಅನುದಾನ ಬಂದಾಗಲೆಲ್ಲ ನಮ್ಮ ಕಣ್ಣು ದೊಡ್ಡ ಯಂತ್ರದ ಮೇಲೆ. ಮೈನಸ್ 80 ಡಿಗ್ರಿಯ ಫ್ರೀಜರ್ ತರಿಸಿದೆವು. ಜನರೇಟರ್ ಲೈನ್ ಎಳೆಸಲಿಲ್ಲ. ಮೇ ತಿಂಗಳ ಒಂದು ಶನಿವಾರ ಕರೆಂಟ್ ಹೋಯಿತು. ಸೋಮವಾರ ಬಾಗಿಲು ತೆರೆದರೆ, ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷ ಕೂಡಿಟ್ಟ ಎಲೆಯ ಮಾದರಿಗಳೆಲ್ಲ ಕರಗಿದ್ದವು. ಕರಗಿದ ಎಲೆಯಲ್ಲಿ ಆರ್‌ಎನ್‌ಎ ಎಲ್ಲಿ ಉಳಿದೀತು? ಅವಳು ಅಳಲಿಲ್ಲ, ಡಬ್ಬಿಗಳನ್ನು ಒಂದೊಂದಾಗಿ ಒರೆಸಿಟ್ಟಳು.

ಎಂ.ಎಸ್ಸಿ. ಮಕ್ಕಳ ಕೈ ಪಳಗುವುದು 121 ಡಿಗ್ರಿ ಮುಟ್ಟುವ ಆಟೋಕ್ಲೇವ್, ಲ್ಯಾಮಿನಾರ್ ಫ್ಲೋ, 25 ಡಿಗ್ರಿಯ ಅಂಗಾಂಶ ಕೃಷಿ ಕೋಣೆಯಲ್ಲಿ. ಅವನ್ನು ನೋಡಿಕೊಳ್ಳಲು ಒಬ್ಬ ತಂತ್ರಜ್ಞ ಬೇಕು. ಅವನಿಗೇ ನಮ್ಮ ಬಜೆಟ್‌ನಲ್ಲಿ ಜಾಗವಿಲ್ಲ.

ಆ ಫ್ರೀಜರ್ ಕಡತಕ್ಕೆ ನಾನೂ ಸಹಿ ಹಾಕಿದವನೇ. ಈಗ ಮೊದಲು ನಿರ್ವಹಣೆಯ ಹಣ ತೋರಿಸಿ ಎನ್ನುತ್ತೇನೆ. ಸಹೋದ್ಯೋಗಿಗಳಿಗೆ ಸಿಟ್ಟು ಬರುತ್ತದೆ, ಬರಲಿ.