ಹಳೆಯ ಗಣಕಯಂತ್ರವೂ ಒಂದು ಸಾಲಿನ ಆಜ್ಞೆಯೂ

ಯಂತ್ರವು ಹಳೆಯದಾಯಿತೆಂದರೆ ನಿರುಪಯುಕ್ತವಾಯಿತೆಂದೇ ಎಣಿಸುವುದು ಈಗ ರೂಢಿಯಾಗಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ನಿಂತ ಮೇಲೆ, ವಿಂಡೋಸ್ 11ರ ನಿಬಂಧನೆಗಳಿಗೆ ಹೊಂದದ ಅನೇಕ ಗಣಕಯಂತ್ರಗಳು ಮೂಲೆ ಸೇರುವ ಸ್ಥಿತಿಗೆ ಬಂದಿವೆ. ಅಂಥ ಯಂತ್ರಗಳಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿಕೊಂಡು ಅಭ್ಯಾಸವನ್ನು ಮುಂದುವರಿಸುವ ವಿದ್ಯಾರ್ಥಿಗಳುಂಟು. ಒಂದು ಸಾಲಿನ ಆಜ್ಞೆಯನ್ನು ಕೊಟ್ಟರೆ ಹಳೆಯ ಪ್ರೊಸೆಸರ್ ಹೊಸದರಂತೆ ಓಡುವುದೆಂಬ ಮಾತು ಇವರ ಕಿವಿಗೆ ಬೀಳುತ್ತಿರುತ್ತದೆ. ಈ ಮಾತಿನಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಿಸೋಣ.

ಪ್ರೊಸೆಸರು ಸದಾ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕೆಲಸವು ಕಡಿಮೆಯಿದ್ದಾಗ ತನ್ನ ಬಡಿತವನ್ನು ತಗ್ಗಿಸಿಕೊಂಡು ವಿದ್ಯುತ್ತನ್ನು ಉಳಿಸುತ್ತದೆ. ಯಾವಾಗ ಎಷ್ಟು ವೇಗವಿರಬೇಕೆಂಬುದನ್ನು ನಿರ್ಧರಿಸುವ ಲಿನಕ್ಸಿನ ಭಾಗಕ್ಕೆ ‘ಗವರ್ನರ್’ ಎಂದು ಹೆಸರು. ಜೇಮ್ಸ್ ವ್ಯಾಟನು 1788ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ ವೇಗನಿಯಂತ್ರಕಕ್ಕೂ ಇದೇ ಹೆಸರು. ‘ಸಿಪಿಯುಪವರ್’ ಎಂಬ ಸಾಧನದಿಂದ ಈ ಗವರ್ನರನ್ನು ಬದಲಾಯಿಸಬಹುದು. ಅದಕ್ಕೆ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಆಜ್ಞೆಯನ್ನು ಕೀಲಿಮಣೆಯಿಂದ ಬರೆದು ಕೊಡಬೇಕು. ‘ಪರ್ಫಾರ್ಮೆನ್ಸ್’ ಎಂಬ ಗವರ್ನರು ಗರಿಷ್ಠ ವೇಗವನ್ನು ಕೋರುತ್ತದೆ. ‘ಆನ್‌ಡಿಮ್ಯಾಂಡ್’ ಹೊರೆಗೆ ತಕ್ಕಂತೆ ವೇಗವನ್ನು ಏರಿಳಿಸುತ್ತದೆ. ಹಳೆಯ ಏರ್ಪಾಟಿನ ‘ಪವರ್‌ಸೇವ್’ ಕನಿಷ್ಠ ವೇಗದಲ್ಲಿಯೇ ಇರಿಸುತ್ತದೆ. ಯಂತ್ರವು ಈ ಕೊನೆಯದರ ವಶದಲ್ಲಿದ್ದರೆ, ಆಜ್ಞೆಯಿಂದ ದೊರೆಯುವ ಲಾಭವು ಕಣ್ಣಿಗೆ ಕಾಣುವಷ್ಟಿರುತ್ತದೆ. ಆದರೆ ಇದು ತಡೆಹಿಡಿದ ವೇಗವನ್ನು ಬಿಟ್ಟುಕೊಡುವುದೇ ಹೊರತು ಇಲ್ಲದ ವೇಗವನ್ನು ಸೃಷ್ಟಿಸುವುದಲ್ಲ. ಹಗ್ಗವು ಬಾವಿಯಲ್ಲಿರುವ ನೀರನ್ನು ಮೇಲೆತ್ತಬಲ್ಲುದಲ್ಲದೆ ನೀರನ್ನು ಹುಟ್ಟಿಸಲಾರದು.

ವೇಗಕ್ಕೆ ಬೆಲೆಯೂ ಉಂಟು. ಪ್ರೊಸೆಸರಿನ ಸ್ವಿಚ್ಚುಗಳು ತೆರೆದು ಮುಚ್ಚುವುದರಿಂದ ವ್ಯಯವಾಗುವ ವಿದ್ಯುತ್ ಸಾಮರ್ಥ್ಯವು ಬಡಿತದ ಆವೃತ್ತಿಗೂ ವಿಭವಾಂತರದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಏರಿಸಿದಾಗ ಸಾಮಾನ್ಯವಾಗಿ ವಿಭವಾಂತರವನ್ನೂ ಏರಿಸಬೇಕಾಗುವುದು. ಉದಾಹರಣೆಗಾಗಿ, ಆವೃತ್ತಿಯು 800 ಮೆಗಾಹರ್ಟ್ಸ್‌ನಿಂದ 2400ಕ್ಕೂ, ವಿಭವಾಂತರವು 0.9 ವೋಲ್ಟಿನಿಂದ 1.2 ವೋಲ್ಟಿಗೂ ಏರಿತೆಂದು ಭಾವಿಸೋಣ. ವೇಗವು 3 ಪಟ್ಟಾದರೆ ವ್ಯಯವು ಸುಮಾರು 5.3 ಪಟ್ಟಾಗುವುದು. ಇದೆಲ್ಲವೂ ಕಡೆಗೆ ಉಷ್ಣವಾಗಿ ಹೊರಬರಬೇಕು. ಫ್ಯಾನಿನಲ್ಲಿ ಧೂಳು ತುಂಬಿ, ಪ್ರೊಸೆಸರಿನ ಮೇಲೆ ಹಚ್ಚಿದ ಥರ್ಮಲ್ ಪೇಸ್ಟು ಒಣಗಿಹೋಗಿದ್ದರೆ ಉಷ್ಣಕ್ಕೆ ದಾರಿಯಿಲ್ಲ. ಆಗ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಅಂಥ ಯಂತ್ರಕ್ಕೆ ಬೇಕಾದುದು ಆಜ್ಞೆಯಲ್ಲ, ಶುಚಿತ್ವ.

ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ವಿಳಂಬಕ್ಕೆ ಪ್ರೊಸೆಸರೇ ಯಾವಾಗಲೂ ಕಾರಣವಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ, ಬೇಕಾದ ಭಾಗವು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ 240ನೆಯ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ 2400 ಮೆಗಾಹರ್ಟ್ಸ್ ಪ್ರೊಸೆಸರು ಒಂದು ಕೋಟಿ ಸಲ ಬಡಿದಿರುತ್ತದೆ! ಡಿಸ್ಕಿಗಾಗಿ ಕಾದು ಕುಳಿತವನನ್ನು ಇನ್ನೂ ಚುರುಕಾಗೆಂದು ಗದರಿಸಿ ಫಲವೇನು? ಅಲ್ಲಿ ಸಾಲಿಡ್ ಸ್ಟೇಟ್ ಡ್ರೈವನ್ನು ಹಾಕುವುದೋ, ಮೆಮೊರಿಯನ್ನು ಹೆಚ್ಚಿಸುವುದೋ ಸರಿಯಾದ ಉಪಾಯ.

ಆದಕಾರಣ ಆಜ್ಞೆಯನ್ನು ಮಂತ್ರವೆಂದು ಭಾವಿಸದೆ ಪ್ರಯೋಗವೆಂದು ಭಾವಿಸಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲು ‘ಸಿಪಿಯುಪವರ್ ಫ್ರೀಕ್ವೆನ್ಸಿ-ಇನ್ಫೋ’ ಎಂದು ರೋಮನ್ ಲಿಪಿಯಲ್ಲಿ ಬರೆದು, ಈಗಿನ ಗವರ್ನರು ಯಾವುದು, ವೇಗದ ಮಿತಿಗಳೆಷ್ಟು ಎಂಬುದನ್ನು ತಿಳಿಯಬೇಕು. ಹೆಸರನ್ನು ಕಂಡು ಮಾತ್ರ ತೀರ್ಮಾನಿಸಬಾರದು. ಇಂಟೆಲ್ಲಿನ ಈಚಿನ ಪ್ರೊಸೆಸರುಗಳಲ್ಲಿ ‘ಪವರ್‌ಸೇವ್’ ಕೂಡ ಹೊರೆಗೆ ತಕ್ಕಂತೆ ವೇಗವನ್ನು ಏರಿಸುವುದುಂಟು. ಬಳಿಕ ಒಂದೇ ಲೆಕ್ಕವನ್ನು ಮೂರು ಸಲ ಮಾಡಿಸಿ ಕಾಲವನ್ನು ಬರೆದಿಡಬೇಕು. ಆಮೇಲೆ ಗವರ್ನರನ್ನು ಬದಲಾಯಿಸಿ, ಅದೇ ಲೆಕ್ಕವನ್ನು ಮತ್ತೆ ಮೂರು ಸಲ ಮಾಡಿಸಿ, ಕಾಲವನ್ನೂ ತಾಪವನ್ನೂ ಹೋಲಿಸಬೇಕು. ಈ ಬದಲಾವಣೆಯು ಸಾಮಾನ್ಯವಾಗಿ ಯಂತ್ರವನ್ನು ಮತ್ತೆ ಆರಂಭಿಸಿದೊಡನೆ ಅಳಿಸಿಹೋಗುವುದರಿಂದ, ಪ್ರಯೋಗವನ್ನು ಕೈಬಿಡುವುದೂ ಸುಲಭ. ಕಾಲೇಜಿನ ಯಂತ್ರವಾದರೆ ಮಾತ್ರ ಅದರ ಹೊಣೆ ಹೊತ್ತವರ ಒಪ್ಪಿಗೆಯನ್ನು ಪಡೆಯತಕ್ಕದ್ದು.

ಪ್ರಪಂಚದಲ್ಲಿ 2022ರೊಂದರಲ್ಲಿಯೇ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವು ಉತ್ಪನ್ನವಾಯಿತೆಂದೂ, ಅದರಲ್ಲಿ ಶೇಕಡ 22.3ರಷ್ಟು ಮಾತ್ರ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಒದಗಿತೆಂದೂ ವಿಶ್ವಸಂಸ್ಥೆಯ 2024ರ ವರದಿಯು ತಿಳಿಸುತ್ತದೆ. ಪರೀಕ್ಷಿಸದೆ ಎಸೆದ ಯಂತ್ರವು ಈ ರಾಶಿಯನ್ನು ಸೇರುವುದಲ್ಲದೆ, ಬಡ ವಿದ್ಯಾರ್ಥಿಯೊಬ್ಬನ ಕಲಿಕೆಯ ಸಾಧನವನ್ನೂ ಕಸಿದುಕೊಳ್ಳುತ್ತದೆ. ಯಂತ್ರದ ಶಕ್ತಿಯು ಎಲ್ಲಿ ತಡೆಗೊಂಡಿದೆಯೆಂಬುದನ್ನು ಅಳೆದು ತಿಳಿದವನು ಅದನ್ನು ಇನ್ನೂ ಕೆಲವು ವರ್ಷ ದುಡಿಸಬಲ್ಲನು. ದುಡಿಸಲಾಗದೆಂದು ಕಂಡುಬಂದರೆ, ಕಾರಣವನ್ನು ಅರಿತೇ ಬೀಳ್ಕೊಡಬಲ್ಲನು.